ಕಿಟಕಿ ಪಕ್ಕದ ಕುರ್ಚಿ

ಮೂರನೆಯ ಹಲ್ಲೂ ವಾಪಸ್ ಬಂತು. ಜೊತೆಗಿದ್ದ ಚೀಟಿಯಲ್ಲಿ ದಂತವೈದ್ಯರು ಬರೆದದ್ದು ಒಂದೇ ಸಾಲು: ಪಕ್ಕದ ಹಲ್ಲಿಗಿಂತ ಹಳದಿ.

ಕಟ್ಟುಹಲ್ಲು ತಯಾರಿಸುವ ಆ ಪುಟ್ಟ ಕಾರ್ಖಾನೆಯಲ್ಲಿ ಪಿಂಗಾಣಿ ಹಲ್ಲಿಗೆ ಬಣ್ಣ ಕೂಡಿಸುವವಳು ಅವಳೊಬ್ಬಳೇ. ನಾಲ್ಕು ವರ್ಷದಲ್ಲಿ ಯಾರೂ ಕೊಂಕು ತೆಗೆದಿರಲಿಲ್ಲ. ಆ ಕೆಲಸಕ್ಕೆ ಹಗಲಿನ ಬೆಳಕೇ ಆಗಬೇಕು. ಅದಕ್ಕೇ ಕಿಟಕಿ ಪಕ್ಕದ ಕುರ್ಚಿ ಅವಳದ್ದು. ಎದುರಿನದು ಮೇಣದಲ್ಲಿ ಹಲ್ಲು ತಿದ್ದುವವನದ್ದು. ಎರಡು ವರ್ಷ ಅವಳವನಾಗಿದ್ದು, ಹೋದ ತಿಂಗಳು ‘ಇನ್ನು ಸಾಕು’ ಎಂದು ಎದ್ದುಹೋದವನು. ಎದ್ದುಹೋದದ್ದು ಅವಳ ಬದುಕಿನಿಂದ ಮಾತ್ರ. ಬೆಳಿಗ್ಗೆ ಒಂಬತ್ತಕ್ಕೆ ಸರಿಯಾಗಿ ಎದುರಿಗೇ ಬಂದು ಕೂರುತ್ತಿದ್ದ.

ಅವಳಿಗೆ ನಿದ್ದೆ ಹತ್ತುತ್ತಿರಲಿಲ್ಲ. ಬಟ್ಟೆ ಒಗೆಯುತ್ತ ಅರ್ಧದಲ್ಲಿ ಸುಮ್ಮನೆ ನಿಂತುಬಿಡುತ್ತಿದ್ದಳು. ಆದರೆ ಕೈ ಕೆಟ್ಟಿದೆಯೆಂದು ಮಾತ್ರ ಒಪ್ಪಿರಲಿಲ್ಲ.

ಯಜಮಾನರು ಚೀಟಿ ಹಿಡಿದು ಬಂದರು. ಅವರು ಮೆತ್ತಗೆ ಮಾತಾಡಿದರೇ ಎಲ್ಲರಿಗೂ ಭಯ.

“ನೋಡಮ್ಮ, ಸ್ವಲ್ಪ ದಿನ ಹಿಂದಿನ ಅಚ್ಚಿನ ಕೋಣೆಗೆ ಹೋಗು. ಅಲ್ಲಿ ಬಣ್ಣದ ತಂಟೆ ಇಲ್ಲ. ಈ ಕುರ್ಚಿಗೆ ಬೇರೆಯವರನ್ನ ನೋಡ್ತೀನಿ.”

“ಅವನು ಎಲ್ಲಿರ್ತಾನೆ ಸರ್?”

“ಅವನ ಕೆಲಸ ಯಾವುದೂ ವಾಪಸ್ ಬಂದಿಲ್ವಲ್ಲ.”

“ಸಂಜೆವರೆಗೆ ಟೈಮ್ ಕೊಡಿ. ಇದನ್ನ ಮತ್ತೆ ಮಾಡ್ತೀನಿ.”

ಅವರು ಹೋದಮೇಲೆ ಅಚ್ಚು ಹುಯ್ಯುವಾತ ಇಣುಕಿದ. ಮೈಯೆಲ್ಲ ಪ್ಲಾಸ್ಟರ್ ಪುಡಿ ಮೆತ್ತಿಕೊಂಡಿರುವ ಅವನನ್ನು ಎಲ್ಲರೂ ಕರೆಯುತ್ತಿದ್ದುದು ಬೂದಿಯಣ್ಣ ಎಂದೇ.

“ಬಾ ತಂಗಿ, ನನ್ನ ಅರಮನೆಗೆ. ಎರಡೇ ದಿನಕ್ಕೆ ತಲೆ ಬೆಳ್ಳಗಾಗುತ್ತೆ. ಆಮೇಲೆ ಹುಡುಗರ ಕಾಟವೇ ಇರಲ್ಲ.”

“ಬರಲ್ಲಣ್ಣ.”

“ಹಾಗಾದ್ರೆ ಒಂದು ಮಾತು, ಬೇಜಾರು ಮಾಡ್ಕೋಬೇಡ. ನೀಲಿ ರಟ್ಟು ಯಾಕೆ ನೋಡ್ತಿಲ್ಲ ನೀನು?”

ಅವಳು ಕುಂಚ ಇಳಿಸಿದಳು. ಹಲ್ಲಿನ ಬಣ್ಣವನ್ನು ಐದು ಎಣಿಸುವಷ್ಟೇ ಹೊತ್ತು ನೋಡಬೇಕು. ಮೀರಿದರೆ ಕಣ್ಣು ದಣಿದು ಹಳದಿ ಕಾಣುವುದೇ ನಿಲ್ಲುತ್ತದೆ, ಗೊತ್ತಿಲ್ಲದೆ ಕೈ ಅದನ್ನೇ ಹೆಚ್ಚಿಗೆ ಬೆರೆಸುತ್ತದೆ. ಆಗ ನೀಲಿಯ ಮೇಲೆ ದೃಷ್ಟಿ ಊರಿ ಕಣ್ಣಿಗೆ ಬಿಡುವು ಕೊಡಬೇಕು. ಆ ರಟ್ಟು ಇದ್ದದ್ದು ಎದುರು ಗೋಡೆಯಲ್ಲಿ, ಅವನ ತಲೆಯ ಮೇಲೆ. ಒಂದು ತಿಂಗಳಿನಿಂದ ಅವಳು ತಲೆ ಎತ್ತಿರಲೇ ಇಲ್ಲ.

ಎತ್ತಿದಳು. ಕಣ್ಣಂಚಿನಲ್ಲಿ ಅವನ ಹೊಸ ಕ್ರಾಪು, ತಾನು ಕಂಡಿರದ ಅಂಗಿ. ಆದರೂ ನೀಲಿಯನ್ನು ಬಿಡಲಿಲ್ಲ.

ನಾಲ್ಕನೆಯ ಸಲಕ್ಕೆ ಅವನಿಗೆ ತಡೆಯಲಾಗಲಿಲ್ಲ. “ಯಾಕೆ ಹಾಗೆ ನೋಡ್ತಿದ್ದೀಯ?”

“ನಿನ್ನನ್ನಲ್ಲ. ಗೋಡೆನ.”

“ಕಷ್ಟ ಆದ್ರೆ ರಟ್ಟನ್ನ ಬೇರೆ ಕಡೆ ಹಾಕ್ಲಾ?”

“ಬೇಡ. ಬೆಳಕು ಅಲ್ಲೇ ಸರಿಯಾಗಿ ಬೀಳೋದು. ನಿನಗೆ ಕಷ್ಟ ಆದ್ರೆ ನೀನು ಸರ್ಕೊ.”

ಅವನು ಮೇಣದ ಮೇಲೆ ಬಗ್ಗಿದ. ಅವಳು ಐದೈದು ಎಣಿಸುತ್ತ, ಎಷ್ಟು ಸಲವೋ ತಲೆ ಎತ್ತಿದಳು. ಎರಡು ಸಲ ಕಣ್ಣು ಮಂಜಾಯಿತು. ಒರೆಸಿಕೊಂಡು ಮೊದಲಿನಿಂದ ಎಣಿಸಿದಳು.

ಸಂಜೆ, ಕುಲುಮೆಯಿಂದ ಇಳಿದ ಹಲ್ಲನ್ನು ಯಜಮಾನರು ಮಾದರಿಯ ಪಕ್ಕ ಹಿಡಿದು ಕಿಟಕಿಗೆ ಒಡ್ಡಿದರು. ತಿರುಗಿಸಿ ನೋಡಿದರು. ಹೆಚ್ಚಾದ ಹಳದಿ ಎಲ್ಲೂ ಇರಲಿಲ್ಲ. ಆಮೇಲೆ ಅವಳ ಕೆಂಪಾದ ಕಣ್ಣುಗಳನ್ನು ನೋಡಿದರು.

“ಇದು ಸರಿ. ನಾಳೆ ಮತ್ತೆ ಅಳು ಬಂದ್ರೆ?”

“ಬಂದ್ರೆ ಅಳ್ತೀನಿ ಸರ್. ಇಲ್ಲೇ ಕೂತು ಅಳ್ತೀನಿ.”