ಎಡಗೈ ಹೇಳಿಕೆ

ನನ್ನ ಬಲಗೈ ಹೇಗೆ ಹೋಯಿತು ಎಂಬುದನ್ನು ನಮ್ಮ ಪುಟ್ಟ ನನಗಿಂತ ಚೆನ್ನಾಗಿ ಹೇಳುತ್ತಾನೆ. ಪುಟ್ಟ ಎಂದರೆ ನನ್ನ ತಂಗಿಯ ಮಗ. ಮನೆಯಲ್ಲಿ ಪುಟ್ಟ, ಕಾರ್ಡಿನ ಮೇಲೆ ಸಿಇಓ. ಹಣ ಹೂಡುವವರ ಮುಂದೆ ವೇದಿಕೆ ಹತ್ತಿ, ಪರದೆಯ ಮೇಲೆ ಒಂದಾದ ಮೇಲೊಂದು ಚಿತ್ರ ಬದಲಿಸುತ್ತ ಅವನು ಆ ಕಥೆ ಹೇಳಿದರೆ ಮುಂದಿನ ಸಾಲಿನವರು ಕಣ್ಣೊರೆಸಿಕೊಳ್ಳುತ್ತಿದ್ದರು. ನಾನೂ ಇಸ್ತ್ರಿ ಅಂಗಿ ತೊಟ್ಟು ಪಕ್ಕದಲ್ಲೇ ನಿಂತಿರುತ್ತಿದ್ದೆ. ಕಥೆ ಮುಗಿದ ಮೇಲೆ, ಅವನ ಕಂಪನಿ ಮಾಡಿದ ಯಂತ್ರದ ಕೈಯಿಂದ ಒಂದು ಕೋಳಿಮೊಟ್ಟೆ ಎತ್ತಿ, ಒಡೆಯದಂತೆ ಬಟ್ಟಲಿಗಿಡುವುದು ನನ್ನ ಪಾಲಿನ ಕೆಲಸ. ಎಷ್ಟು ಮೊಟ್ಟೆ ಎತ್ತಿದೆನೋ ನೆನಪಿಲ್ಲ. ಒಡೆದದ್ದು ಒಂದೇ, ಅದೂ ಚಪ್ಪಾಳೆಗೆ ಬೆಚ್ಚಿಬಿದ್ದು.

ನಾನು ಎಂಜಿನಿಯರಿಂಗ್ ಕಾಲೇಜಿನ ವರ್ಕ್‌ಶಾಪಿನಲ್ಲಿ ಇಪ್ಪತ್ತೆರಡು ವರ್ಷದಿಂದ ಮೇಸ್ತ್ರಿ. ಮೊದಲ ವರ್ಷದ ಮಕ್ಕಳಿಗೆ ಅರ ಹಿಡಿಯುವುದರಿಂದ ಲೇತ್ ನಡೆಸುವವರೆಗೆ ಎಲ್ಲ ಕಲಿಸುವವನು ನಾನೇ. ಪದವಿ ಇದ್ದವರು ಹಲಗೆಯ ಮೇಲೆ ಬರೆದು ಕಲಿಸುತ್ತಾರೆ, ಪದವಿ ಇಲ್ಲದ ನಾನು ಕಬ್ಬಿಣ ಕೊರೆದು ಕಲಿಸುತ್ತೇನೆ. ತಂಗಿಯ ಗಂಡ ಚಿಕ್ಕ ವಯಸ್ಸಿಗೇ ತೀರಿಕೊಂಡಾಗ ಅವಳು ಮಗುವನ್ನೆತ್ತಿಕೊಂಡು ನಮ್ಮ ಮನೆಗೆ ಬಂದಳು. ನಮಗೆ ಮಕ್ಕಳಿರಲಿಲ್ಲ. ಪುಟ್ಟ ನನ್ನ ಕಾಲೇಜಿಗೇ ಎಂಜಿನಿಯರಿಂಗ್ ಸೇರಿದ ದಿನ, ಏನೂ ಕೆಲಸವಿಲ್ಲದಿದ್ದರೂ ಪ್ರಿನ್ಸಿಪಾಲರ ಕೋಣೆಯ ಮುಂದೆ ಮೂರು ಸಲ ಹಾದುಹೋದೆ.

ಆ ದಿನ ನಡೆದದ್ದು ಇಷ್ಟು. ತಗಡು ಒತ್ತುವ ಪ್ರೆಸ್ಸಿನ ಅಚ್ಚು ಬದಲಿಸಬೇಕಿತ್ತು. ಗೋಡೆಯ ದೊಡ್ಡ ಸ್ವಿಚ್ಚು ಆರಿಸಿ, ‘ಮುಟ್ಟಬೇಡಿ, ಕೆಲಸ ನಡೆದಿದೆ’ ಎಂದು ನಾನೇ ಬರೆದಿದ್ದ ಕೆಂಪು ಫಲಕವನ್ನು ಅದಕ್ಕೆ ನೇತುಹಾಕಿ, ಕೈ ಒಳಗಿಟ್ಟೆ. ಪುಟ್ಟ ಆಗ ಎರಡನೇ ವರ್ಷ. ಯಾವುದೋ ಸ್ಪರ್ಧೆಗೆ ಬಂಡಿ ಮಾಡುವ ಅವಸರದಲ್ಲಿದ್ದ. ಹಿಂದಿನ ಕೋಣೆಯಲ್ಲಿ ಗ್ರೈಂಡರಿಗೆ ಕರೆಂಟಿಲ್ಲವೆಂದು ಓಡಿಬಂದವನು, ಫಲಕ ತೆಗೆದು ಸ್ವಿಚ್ಚು ಹಾಕಿದ. ಪ್ರೆಸ್ಸಿನ ಪೆಡಲು ಹಳೆಯದು, ಒತ್ತಿದಂತೆಯೇ ಸಿಕ್ಕಿಕೊಂಡಿತ್ತು, ಕರೆಂಟು ಬಂದದ್ದೇ ಅಚ್ಚು ಇಳಿಯಿತು. ಮುಂದಿನದನ್ನು ಬಿಡಿಸಿ ಹೇಳಬೇಕಿಲ್ಲ.

ಬಿದ್ದಲ್ಲಿಂದ ತಲೆಯೆತ್ತಿದಾಗ ಅವನು ಫಲಕವನ್ನು ಎದೆಗವಚಿಕೊಂಡು ನಿಂತಿದ್ದ. ಊಟದ ಹೊತ್ತು, ಒಳಗೆ ಬೇರಾರೂ ಇರಲಿಲ್ಲ.

“ಅದನ್ನ ಚೀಲಕ್ಕೆ ಹಾಕ್ಕೋ,” ಎಂದೆ. “ಹೊರಗೆ ಹೋಗಿ ಯಾರನ್ನಾದ್ರೂ ಕರಿ. ಕೂಗು ಕೇಳಿ ಬಂದೆ ಅನ್ನು, ಅಷ್ಟೇ.”

ಕಾಲೇಜಿನ ವಿಚಾರಣಾ ಸಮಿತಿಯವರು ಆಸ್ಪತ್ರೆಗೇ ಬಂದು ಹೇಳಿಕೆ ಬರೆದುಕೊಡಿ ಎಂದರು. ‘ಸ್ವಿಚ್ಚು ಆರಿಸಿ ಫಲಕ ಹಾಕಲು ಮರೆತೆ. ತಪ್ಪು ನನ್ನದೇ.’ ಎಡಗೈಯಲ್ಲಿ ನಾನು ಬರೆದ ಮೊದಲ ಮಾತು ಅದು. ಅಕ್ಷರಗಳು ಹಾವಿನ ಮರಿಗಳ ಹಾಗೆ ಹರಿದಾಡಿದ್ದವು, ಸಹಿಯಂತೂ ಕೇಳಬೇಡಿ. ನಿಜ ಬರೆದಿದ್ದರೆ ಹುಡುಗನನ್ನು ಕಾಲೇಜಿನಿಂದ ಕಿತ್ತುಹಾಕುತ್ತಿದ್ದರು, ನನ್ನ ಕೈ ಮಾತ್ರ ವಾಪಸ್ಸು ಬರುತ್ತಿರಲಿಲ್ಲ. ತಂಗಿಗೆ ಹೇಳಲಿಲ್ಲ. ಹೆಂಡತಿಗೂ ಹೇಳಲಿಲ್ಲ.

ಪುಟ್ಟ ಕಲ್ಲೆದೆಯವನೇನಲ್ಲ. ವಾರಗಟ್ಟಲೆ ಸರಿಯಾಗಿ ಉಣ್ಣಲಿಲ್ಲ. ಆಮೇಲೆ ಒಂದು ದಿನ ಅವನ ಪ್ರೊಫೆಸರರನ್ನು ಕರೆದುಕೊಂಡು ಮನೆಗೆ ಬಂದ. ಇಬ್ಬರೂ ಸೇರಿ ನನಗೊಂದು ಕೈ ಮಾಡಿಕೊಡುವುದಾಗಿ ಹೇಳಿದರು. ಎಂಟು ತಿಂಗಳು ದಿನಾ ಸಂಜೆ ಅವರ ಲ್ಯಾಬಿನಲ್ಲಿ ಮೊಂಡು ತೋಳಿಗೆ ತಂತಿ ಅಂಟಿಸಿಕೊಂಡು ಕೂತೆ. ಇಲ್ಲದ ಕೈಯನ್ನು ಮುಚ್ಚಬೇಕು, ಇಲ್ಲದ ಕೈಯನ್ನು ಬಿಚ್ಚಬೇಕು. ಹಾಗೆ ನೆನೆದಾಗ ತೋಳಿನ ಸ್ನಾಯು ಮಿಡಿಯುವುದನ್ನು ಕಂಪ್ಯೂಟರು ಬರೆದುಕೊಳ್ಳುತ್ತಿತ್ತು. ಕೊನೆಗೊಮ್ಮೆ ಆ ಕಪ್ಪು ಬೆರಳುಗಳು ನಾನು ನೆನೆದಂತೆ ಬಿಚ್ಚಿಕೊಂಡವು. ಪುಟ್ಟ ಆ ಪ್ಲಾಸ್ಟಿಕ್ ಅಂಗೈಗೆ ಹಣೆ ಹಚ್ಚಿ ಬಿಕ್ಕಿಬಿಕ್ಕಿ ಅತ್ತ. ಅವನ ಮೇಲೆ ನನಗಿದ್ದ ಪ್ರೀತಿ ಅಂದು ಎರಡು ಪಟ್ಟಾಯಿತು, ಈಗ ಮುಚ್ಚಿಟ್ಟು ಏನು ಮಾಡಲಿ. ನಾನು ಮತ್ತೆ ಲೇತ್ ಹತ್ತಿರ ನಿಂತೆ.

ಕೈ ಕಂಪನಿಯಾಯಿತು. ಪುಟ್ಟ, ಪ್ರೊಫೆಸರ್, ಹಣ ಹಾಕಿದ ಒಬ್ಬ ಹಳೆಯ ವಿದ್ಯಾರ್ಥಿ, ಮೂವರೂ ಪಾಲುದಾರರು. ಅವರು ಮುಂದಿಟ್ಟ ಕಾಗದಗಳಿಗೆಲ್ಲ ನಾನೂ ಎಡಗೈಯ ಸೊಟ್ಟ ಸಹಿ ಹಾಕಿಕೊಟ್ಟೆ. ಕಾಲೇಜಿನ ಹಿಂಬದಿಯ ಹಳೇ ಸೈಕಲ್ ಶೆಡ್ಡಿಗೆ ಸುಣ್ಣ ಬಳಿದು ಆಫೀಸು ಮಾಡಿಕೊಂಡರು. ಕಂಪನಿಗೆ ಒಂದು ಕಥೆ ಬೇಕು ಎಂದ ಹಳೆಯ ವಿದ್ಯಾರ್ಥಿ. ಕಥೆ ಮನೆಯಲ್ಲೇ ಇತ್ತಲ್ಲ. ನನ್ನ ಆ ಸೊಟ್ಟ ಹೇಳಿಕೆಯನ್ನು ಕಾಲೇಜಿನ ಕಡತದಿಂದ ತೆಗೆಸಿ ದೊಡ್ಡದು ಮಾಡಿ ಪರದೆಗೆ ಹಾಕಿದರು.

“ಒಂದು ಕ್ಷಣದ ಅಜಾಗರೂಕತೆ ನನ್ನ ಮಾವನ ಕೈ ಕಿತ್ತುಕೊಂಡಿತು,” ಎಂದು ಮೊದಲ ಸಲ ಹೇಳಿದಾಗ ಪುಟ್ಟ ನನ್ನತ್ತ ನೋಡಲಿಲ್ಲ. ಮನೆಗೆ ಬಂದು ತಲೆನೋವೆಂದು ಮಲಗಿಬಿಟ್ಟ. ನಾನು ಯಾರನ್ನು ದೂರಲಿ, ಬರೆದುಕೊಟ್ಟವನು ನಾನೇ ಅಲ್ಲವೇ. ಹತ್ತನೇ ಸಲಕ್ಕೆ ನನ್ನ ಮುಖ ನೋಡಿಯೇ ಹೇಳಿದ. ಆಮೇಲಾಮೇಲೆ ಹೆಗಲ ಮೇಲೆ ಕೈಹಾಕಿ, “ಚಿನ್ನದಂಥ ಮನುಷ್ಯ, ಏನು ಮಾಡೋದು, ಸ್ವಲ್ಪ ಆತುರ,” ಎಂದು ಸೇರಿಸತೊಡಗಿದ. ಜನ ನಕ್ಕರು. ನಾನೂ ನಕ್ಕೆ.

ಹೋದ ವರ್ಷ ಕಂಪನಿಯನ್ನು ದೊಡ್ಡ ಕಂಪನಿಯೊಂದು ಕೊಂಡಿತು. ಅವರಿಗೆ ಬೇಕಿದ್ದದ್ದು ಕೈಯಲ್ಲ, ಎಂಟು ತಿಂಗಳು ನನ್ನ ತೋಳಿನಿಂದ ಬರೆದುಕೊಂಡಿದ್ದ ಆ ಮಿಡಿತಗಳು. ಅದನ್ನಿಟ್ಟು ಕಂಪ್ಯೂಟರ್ ಆಟಕ್ಕೆ ಕೈಗವಸು ಮಾಡುತ್ತಾರಂತೆ. ಪ್ರೊಫೆಸರ್ ಮತ್ತೆ ಪಾಠಕ್ಕೆ ಹೋದರು. ಪುಟ್ಟ ಆ ಕಂಪನಿಯಲ್ಲೇ ದೊಡ್ಡ ಹುದ್ದೆಗೆ ಸೇರಿ, ತಾಯಿಯನ್ನೂ ಕರೆದುಕೊಂಡು ಬೇರೆ ಮನೆ ಮಾಡಿದ. ಒಂದು ವಿಷಯ ಮಾತ್ರ ಯಾರಿಗೂ ಹೊಳೆಯಲಿಲ್ಲ. ನನ್ನ ಯಂತ್ರದ ಕೈ ತಿಂಗಳಿಗೊಮ್ಮೆ ಆಫೀಸಿನ ಕಂಪ್ಯೂಟರನ್ನು ಅನುಮತಿ ಕೇಳುತ್ತಿತ್ತು, ಸಿಗದಿದ್ದರೆ ಇದ್ದಲ್ಲೇ ನಿಂತುಬಿಡುತ್ತಿತ್ತು. ಶೆಡ್ಡಿಗೆ ಬೀಗ ಬಿದ್ದಾಗ ಆ ಕಂಪ್ಯೂಟರನ್ನೂ ಆರಿಸಿದರು.

ಒಂದು ಬೆಳಿಗ್ಗೆ, ನಲವತ್ತು ಹೊಸ ಮಕ್ಕಳ ಮುಂದೆ ಲೇತಿನ ಚಕ್ರ ಹಿಡಿದಿದ್ದೆ. ಕೈ ಮುಚ್ಚಿದ್ದು ಬಿಚ್ಚಲೇ ಇಲ್ಲ. ಇಲ್ಲದ ಬೆರಳುಗಳನ್ನು ಎಷ್ಟು ಬಿಚ್ಚಿದರೂ ಇದ್ದವು ಕೇಳಲಿಲ್ಲ. ಕೊನೆಗೆ ಪಟ್ಟಿ ಸಡಿಲಿಸಿ ತೋಳನ್ನು ಹೊರಗೆಳೆದುಕೊಂಡೆ. ಕೈ ಚಕ್ರಕ್ಕೇ ಜೋತುಬಿದ್ದಿತ್ತು. ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ವಿಭಾಗದ ಮುಖ್ಯಸ್ಥರು ನನ್ನನ್ನು ಕರೆದು, “ಕೈಕೊಡ್ತಲ್ಲ ಮೇಸ್ತ್ರಿ,” ಎನ್ನಲು ಹೋಗಿ ನಾಲಿಗೆ ಕಚ್ಚಿಕೊಂಡರು. ಪಾಪ, ನನ್ನೆದುರು ಮಾತಾಡುವುದೂ ಕಷ್ಟವೇ. ಇನ್ನು ಮೇಲೆ ಯಂತ್ರದ ಹತ್ತಿರ ಬೇಡ, ಸ್ಟೋರಿನಲ್ಲಿ ಕೂತು ಬೋಲ್ಟು ನಟ್ಟು ವಿಂಗಡಿಸಿ ಎಂದರು. ಕೈ ಸರಿಹೋದರೆ ನೋಡೋಣ ಎಂದೂ ಸೇರಿಸಿದರು. ನಾನು ಪುಟ್ಟನಿಗೆ ಫೋನು ಮಾಡಿದೆ. ಭಾನುವಾರ ಬರುತ್ತೇನೆ ಎಂದ.

ತಾಯಿಯ ಜೊತೆ ಬಂದ. ಕೈಯಲ್ಲಿ ಒಂದು ಖಾಲಿ ಡಬ್ಬಿ ಇತ್ತು. ನನ್ನ ಹೆಂಡತಿ ಟೀ ಇಡಲು ಒಳಗೆ ಹೋದಳು.

“ಮಾವ, ಅದನ್ನ ವಾಪಸ್ ಕೊಡ್ಬೇಕಂತೆ. ಮಾದರಿಗಳೆಲ್ಲ ಅವರಿಗೇ ಸೇರಿದ್ದು. ನಾನೂ ಕೇಳಿನೋಡ್ದೆ, ಬಗ್ಗಲಿಲ್ಲ.”

“ಅನುಮತಿ ಕೇಳದ ಹಾಗೆ ಒಂದ್ಸಲ ಸರಿಮಾಡಿಕೊಡೋಕೆ ಆಗಲ್ವೇನೋ?”

“ಹತ್ತು ನಿಮಿಷದ ಕೆಲಸ. ಆದ್ರೆ ಸಹಿ ಹಾಕಿಬಿಟ್ಟಿದೀನಿ. ಗೊತ್ತಾದ್ರೆ ನನ್ನ ಕೆಲಸ ಹೋಗುತ್ತೆ.”

“ನನ್ನ ಕೆಲಸ ಹೋಗಿದೆ ಪುಟ್ಟ. ಸ್ಟೋರಲ್ಲಿ ಕೂರಿಸಿದಾರೆ.”

ಅವನು ನಿಟ್ಟುಸಿರು ಬಿಟ್ಟ. “ಏನ್ ಮಾಡೋದು ಮಾವ. ಅವತ್ತು ನೀನು ಒಂದು ನಿಮಿಷ ಹುಷಾರಾಗಿದ್ದಿದ್ರೆ ಇದ್ಯಾವುದೂ ಬರ್ತಿರ್ಲಿಲ್ಲ.”

ಇಲ್ಲಿ ವೇದಿಕೆ ಇರಲಿಲ್ಲ, ಪರದೆ ಇರಲಿಲ್ಲ. ಅಷ್ಟು ವರ್ಷ ಹೊಟ್ಟೆಯಲ್ಲಿಟ್ಟುಕೊಂಡದ್ದು ಬಾಯಿಗೆ ಬಂತು.

“ಆ ಫಲಕ ಎಲ್ಲಿಟ್ಟೆ?”

“ಯಾವ ಫಲಕ?”

“ಕೆಂಪು ಫಲಕ. ತೆಗೆದು ಸ್ವಿಚ್ ಹಾಕಿದ್ಯಲ್ಲ. ಚೀಲಕ್ಕೆ ಹಾಕ್ಕೋ ಅಂದಿದ್ದೆ.”

ಪುಟ್ಟ ಹುಬ್ಬು ಗಂಟಿಕ್ಕಿದ. ಅವನನ್ನು ಎತ್ತಿ ಆಡಿಸಿದವನು ನಾನು. ಸುಳ್ಳು ಹೇಳುವಾಗ ಕಿವಿ ತುರಿಸಿಕೊಳ್ಳುತ್ತಾನೆ, ಮೂರು ವರ್ಷದ ಮಗುವಾಗಿದ್ದಾಗಿನಿಂದಲೂ ಹಾಗೇ. ಕಾದು ನೋಡಿದೆ. ಕೈ ಕಿವಿಗೆ ಹೋಗಲಿಲ್ಲ. ಅವನ ಕಣ್ಣಲ್ಲಿ ಹೆದರಿಕೆ ಹುಡುಕಿದೆ, ನಾಚಿಕೆ ಹುಡುಕಿದೆ. ಇದ್ದದ್ದು ಕನಿಕರ.

“ಫಲಕ ಹಾಕೋಕೆ ನೀನೇ ಮರ್ತಿದ್ದಲ್ವಾ ಮಾವ,” ಎಂದು ಮೆಲ್ಲಗೆ ಹೇಳಿ ಫೋನು ತೆಗೆದು ತೋರಿಸಿದ. “ನೋಡು, ನಿನ್ನ ಬರಹಾನೇ.”

ಹಾವಿನ ಮರಿಗಳು ಇನ್ನೂ ಹರಿದಾಡುತ್ತಿದ್ದವು. ತಪ್ಪು ನನ್ನದೇ.

“ಅಣ್ಣ,” ಎಂದಳು ತಂಗಿ. “ನಿನಗೊಂದು ಕೈ ಆಗ್ಲಿ ಅಂತ ನಿದ್ದೆಗೆಟ್ಟವನು ಅವನು. ಅವನು ಮುಂದೆ ಬಂದಿದ್ದು ನಿನಗೆ ಹೊಟ್ಟೆಕಿಚ್ಚಾಗುತ್ತೆ ಅಂತ ನಾನು ಕನಸಲ್ಲೂ ಅಂದ್ಕೊಂಡಿರ್ಲಿಲ್ಲ.”

ಅವನು ಸುಳ್ಳು ಹೇಳಿದ್ದರೆ ಕೆನ್ನೆಗೆ ಬಾರಿಸಬಹುದಿತ್ತು. ನಂಬಿದವನನ್ನು ಏನು ಮಾಡುವುದು? ಎದ್ದುಹೋಗಿ ಕೈಯನ್ನು ತಂದು ಡಬ್ಬಿಯಲ್ಲಿಟ್ಟೆ. ಮುಷ್ಟಿ ಹಿಡಿದೇ ಇತ್ತು, ಮುಚ್ಚಳ ಸರಿಯಾಗಿ ಕೂರಲಿಲ್ಲ. ಪುಟ್ಟ ರಸೀದಿ ಮುಂದಿಟ್ಟ. ಈಗ ನನ್ನ ಎಡಗೈ ಬರಹಕ್ಕೆ ಯಾರೂ ಮೂಗು ಮುರಿಯುವಂತಿಲ್ಲ. ದುಂಡಗೆ, ಗೆರೆ ಹಿಡಿದಂತೆ ಸಹಿ ಹಾಕಿದೆ.

ಪುಟ್ಟ ಅದನ್ನು ನೋಡಿ ತಲೆ ಕೆರೆದುಕೊಂಡ. “ಮಾವ, ಕಂಪನಿ ಕಾಗದದಲ್ಲೆಲ್ಲ ನಿನ್ನ ಹಳೇ ಸಹಿ ಇದೆ. ಅದಕ್ಕೆ ಇದು ಹೊಂದಲ್ಲ. ಇನ್ನೊಂದು ಪ್ರತಿ ಇದೆ. ಅವತ್ತಿನ ಹಾಗೆ ಸ್ವಲ್ಪ ಸೊಟ್ಟಗೆ ಹಾಕ್ತೀಯಾ?”

ನಾನು ಪೆನ್ನು ತೆಗೆದುಕೊಂಡೆ. ಬೇಕೆಂದು ಸೊಟ್ಟ ಬರೆಯಬೇಕಾಗಬಹುದು ಎಂದುಕೊಂಡಿದ್ದೆ. ಬೇಕಾಗಲಿಲ್ಲ, ಹಾವಿನ ಮರಿಗಳು ತಾವಾಗಿಯೇ ಹರಿದಾಡಿದವು.