ಸುಣ್ಣಕಲ್ಲಿನೊಳಗಿನ ಕಪ್ಪು ಚುಕ್ಕೆ

ಇದು ಗುಹೆಯೋ, ಬರೀ ನಾಯ್ಸೋ? ಗುಹೆಯಾದರೆ ಎಷ್ಟು ದೊಡ್ಡದು? ಒಳಗಿರುವುದು ಎಣ್ಣೆಯೋ, ಅನಿಲವೋ...

(ಹೀಗೆ ಮಧುಕರನ ತಲೆಯೊಳಗಿಂದಲೇ ಶುರು ಮಾಡಬಹುದೇ? ಅವನು ಯಾರೆಂದೇ ನಿಮಗೆ ಗೊತ್ತಿಲ್ಲ. ಸರಿ, ಇನ್ನೊಮ್ಮೆ.)

೧. ಇಸವಿ ೨೦೦೩. ಇಂದಿರಾನಗರದ ಒಂದು ಕಚೇರಿಯಲ್ಲಿ ಮಧುಕರ್ ಕಂಪ್ಯೂಟರಿನ ಮುಂದೆ ಕೂತು, ಸಮುದ್ರದಡಿಗೆ ಶಬ್ದ ಕಳಿಸಿ ಪಡೆದ ಚಿತ್ರಗಳನ್ನು ಓದುತ್ತಾನೆ. ಅಲ್ಲಿ ಕೋಟ್ಯಂತರ ವರ್ಷ ಹಳೆಯ ಸುಣ್ಣಕಲ್ಲಿದೆ. ನೀರು ಅದನ್ನು ಕರಗಿಸಿ ತೂತು ಮಾಡಿದೆ. ಎಣ್ಣೆ ಕೂತಿರುವುದು ಆ ತೂತುಗಳಲ್ಲೇ. ತೂತು ಸಣ್ಣದಾದರೆ ಅದೃಷ್ಟ. ದೊಡ್ಡದಾದರೆ, ಬಾವಿಯನ್ನು ಅದುಮಿ ಹಿಡಿಯಲು ತುಂಬಿದ ಕೆಸರೆಲ್ಲ ಅದರೊಳಗೆ ಇಳಿದುಹೋಗುತ್ತದೆ. ಆಮೇಲೆ ಅನಿಲ ಮೇಲೆ ಬರುತ್ತದೆ. ಮೇಲೆ ಮನುಷ್ಯರಿರುತ್ತಾರೆ.

ಈ ಸಲ ಮೇಲಿರುವವಳು ಅವನ ತಂಗಿ ಸಂಘಮಿತ್ರಾ. ಅದೇ ಕಂಪನಿಯ ಭೂವಿಜ್ಞಾನಿ. ಕಂಪನಿಯವರು ಸಮುದ್ರದ ನಡುವೆ ಬಾವಿ ಕೊರೆಯುವ ಕಟ್ಟೆಗೆ, ಅಂದರೆ ರಿಗ್‌ಗೆ ಕಳಿಸುತ್ತಿರುವ ಮೊದಲ ಹೆಣ್ಣು. ಅಲ್ಲಿ ಕೊರೆಯಲಿರುವ ಜಾಗದ ಚಿತ್ರದಲ್ಲಿ ಒಂದು ಕಪ್ಪು ಚುಕ್ಕೆಯಿದೆ: ದೊಡ್ಡ ಗುಹೆಯಿರಬಹುದು, ಇಲ್ಲವೇ ಬರೀ ನಾಯ್ಸ್, ಚಿತ್ರದಲ್ಲಿ ತಪ್ಪಾಗಿ ಮೂಡಿದ ಕಲೆ.

೩. (ಎರಡನೆಯದನ್ನು ಹರಿದುಹಾಕಿದೆ. ಅದರಲ್ಲಿ ರಿಗ್ ಹೊತ್ತಿ ಉರಿಯುತ್ತಿತ್ತು. ನಾನು ರಿಗ್ ಕಂಡವನಲ್ಲ. ಕಂಡಿರುವ ಅತಿ ದೊಡ್ಡ ನೀರು ಹಲಸೂರು ಕೆರೆ.) ಹರಿಯುವ ಮೊದಲು ಸಂಘಮಿತ್ರಾ ಅದನ್ನು ಓದಿಬಿಟ್ಟಳು.

"ಮೊದಲ್ನೇ ಸಲ ಹೋಗೋಳು ಸತ್ರೆ ನಿಮ್ಮ ಕಥೆಗೆ ತೂಕ ಬರತ್ತೆ, ಅಲ್ವೇನ್ರೀ?"

ಹಾಳೆಯನ್ನು ಅವಳ ಕೈಯಿಂದ ತೆಗೆದುಕೊಂಡು ಹರಿದೆ.

೪. ಶಿವಾಜಿನಗರ. ರಹೀಂ ಅಂಗಡಿಯಲ್ಲಿ ಕಬ್ಬಿಣದ ಮೂತಿಯ ಬೂಟುಗಳೆಲ್ಲ ಗಂಡಸರ ಅಳತೆಯವು. ಎರಡು ಜೊತೆ ಸಾಕ್ಸ್ ಹಾಕಿಕೊಂಡರೆ ಸರಿಹೋಗುತ್ತದೆ ಎಂದ ರಹೀಂ. ಸಂಘಮಿತ್ರಾ ಅಂಗಡಿಯುದ್ದಕ್ಕೂ ನಡೆದು ನೋಡಿದಳು, ಜೊತೆಗೆ ಬಂದಿದ್ದ ಮಧುಕರನ ಕಡೆ ತಿರುಗಿ ನಿಂತಳು.

"ಅಣ್ಣ, ಆ ಕಪ್ಪು ಚುಕ್ಕೆ ಏನು? ನಿಜ ಹೇಳು."

"ಏನಿಲ್ಲ. ನಾಯ್ಸ್."

"ಗ್ಯಾರಂಟಿನಾ?"

"ಹೂಂ. ಬೂಟು ಕಚ್ಚತ್ತಾ ನೋಡ್ಕೋ."

ಮಧುಕರನ ಲೆಕ್ಕಾಚಾರ ಇಷ್ಟೇ: ಅನುಮಾನವಿದೆ ಎಂದರೆ, ತಂಗಿ ಹೋಗುತ್ತಿದ್ದಾಳೆಂದು ಹೆದರಿದ ಎನ್ನುತ್ತಾರೆ ಕಂಪನಿಯವರು. ಅವಳ ಬದಲು ಇನ್ಯಾರನ್ನೋ ಕಳಿಸುತ್ತಾರೆ. ಬಾವಿಯನ್ನು ಅಲ್ಲೇ ಕೊರೆಯುತ್ತಾರೆ. ಅವಳು ಅವನನ್ನು ಈ ಜನ್ಮದಲ್ಲಿ ಕ್ಷಮಿಸುವುದಿಲ್ಲ.

ಹೇಳಿಬಿಡೋ ಗುರು, ಎಂದು ನಾನು ಪಿಸುಗುಟ್ಟಿದೆ.

"ನೀವೇ ಬರೆದ್ಬಿಡಿ ಸಾರ್, ಅದು ಗುಹೆ ಅಲ್ಲ ಅಂತ," ಎಂದ ಮಧುಕರ್. "ನಿಮ್ಮ ಕೈಲೇ ಇದ್ಯಲ್ಲ."

ಬರೆದೆ. ಹೊಡೆದುಹಾಕಿದೆ. ಬರೆದ ಮಾತ್ರಕ್ಕೆ ಕಲ್ಲು ತುಂಬಿಕೊಳ್ಳುವುದಿಲ್ಲ.

೫. ಮುಕ್ತಾಯ ಅ: ಸಣ್ಣ ತೂತುಗಳು, ಎಣ್ಣೆ, ಅವಳ ನಗು. (ನನಗೇ ನಂಬಿಕೆ ಬರಲಿಲ್ಲ.)

ಮುಕ್ತಾಯ ಆ: ಇಂದಿರಾನಗರದ ಕಚೇರಿಯಲ್ಲಿ ಫೋನು ಹೊಡೆದುಕೊಳ್ಳುತ್ತದೆ. ಮಧುಕರ್ ಎತ್ತುವುದಿಲ್ಲ. (ಎತ್ತಿಸಲು ನನಗೆ ಧೈರ್ಯವಿಲ್ಲ.)

ಮುಕ್ತಾಯ ಇ: ಇಲ್ಲ.

ಹೆಲಿಕಾಪ್ಟರು ಅವಳನ್ನು ಇಳಿಸಿ ಹೋಗಿದೆ. ಕೊರೆಯುವುದು ಶುರುವಾಗಿದೆ. ಕಥೆಯನ್ನು ಇಲ್ಲಿ ನಿಲ್ಲಿಸಿದರೆ ಯಂತ್ರವೂ ನಿಲ್ಲುತ್ತದೆ ಎಂದುಕೊಂಡಿದ್ದೆ. ಪೆನ್ನು ಕೆಳಗಿಟ್ಟ ಮೇಲೂ ಅದು ಇಳಿಯುತ್ತಲೇ ಇದೆ. ನಿಮಗೆ ಕೇಳಿಸುತ್ತಿದ್ದರೆ ದಯವಿಟ್ಟು ಓದುವುದನ್ನು ನಿಲ್ಲಿಸಿ.

ಆ ಚುಕ್ಕೆ ಏನೆಂದು ತನಗೂ ಗೊತ್ತಿಲ್ಲ ಎಂದು ಮಧುಕರ್ ತಂಗಿಗೆ ಹೇಳಲೇ ಇಲ್ಲ.