ಮೂಲ ಅಳಿಸಿದ ಪುಟ

ಬಡಗಿಯ ಮನೆ ಬಾವಿಯ ನೀರು ನಾರುತ್ತಿತ್ತು. ಹೂಳು ತೆಗೆಯಲು ಯಾರೂ ಸಿಗಲಿಲ್ಲ. ತಾವೇ ಇಳಿಯುವುದೆಂದು ಬಡಗಿ ನಿರ್ಧರಿಸಿದರು. ಹೇಗೆ ಇಳಿಯಬೇಕೆಂದು ಎದುರು ಮನೆಯವನ ವೆಬ್‌ಸೈಟಿನಲ್ಲಿ ಓದಿಕೊಂಡರು.

ಎದುರು ಮನೆಯಲ್ಲಿ ಇರುವುದು ಅತ್ತಿಗೆ, ಮೈದುನ ಇಬ್ಬರೇ. ವೆಬ್‌ಸೈಟು ಮೈದುನನದು. ಬಾವಿಯ ಬರಹ ಮಾತ್ರ ಅವನದಲ್ಲ. ಅವನ ಅಣ್ಣ, ರಸಾಯನಶಾಸ್ತ್ರದ ಮೇಷ್ಟ್ರು, ಮುಕ್ತ ವಿಶ್ವಕೋಶಕ್ಕೆ ಬರೆದದ್ದು. ಅಣ್ಣ ಈಗಿಲ್ಲ. ಮೈದುನ ಆ ಪುಟವನ್ನು ಹಾಗೇ ಎತ್ತಿ, ಮೂಲದ ಕೊಂಡಿ ಅಳಿಸಿ, ಮೇಲೆ ತನ್ನ ಫೋಟೊ, ಕೆಳಗೆ ಸಿಮೆಂಟಿನ ಜಾಹೀರಾತು ಹಾಕಿದ್ದ.

ಅತ್ತಿಗೆ ಒಮ್ಮೆ ಹೇಳಿದ್ದರು. "ಎಲ್ಲಿಂದ ತಗೊಂಡೆ ಅಂತ ಒಂದು ಸಾಲು ಹಾಕಪ್ಪ."

"ವಿಶ್ವಕೋಶ ಫ್ರೀ ಅಲ್ವಾ ಅತ್ತಿಗೆ? ಯಾರು ಬೇಕಾದ್ರೂ ತಗೋಬಹುದು."

"ತಗೋಬಹುದು. ಮೂಲ ಹೇಳಬೇಕು ಅನ್ನೋ ಷರತ್ತೂ ಅಲ್ಲೇ ಇದೆ."

"ಅಣ್ಣ ಈಗ ಬಂದು ಕೇಳ್ತಾನಾ?"

ಅತ್ತಿಗೆ ಪಾತ್ರೆ ತೊಳೆಯುತ್ತಿದ್ದರು. ತೊಳೆದು ಮುಗಿಸಿದರು.

ಬಾವಿಗೆ ಉರಿಯುವ ದೀಪ ಇಳಿಬಿಡಿ, ಆರದಿದ್ದರೆ ನೀವೂ ಇಳಿಯಬಹುದು ಎಂದು ಆ ಪುಟದಲ್ಲಿತ್ತು. ಮೇಷ್ಟ್ರು ಮೊದಲು ಬರೆದದ್ದು ಹಾಗೆಯೇ. ಆಮೇಲೆ ಓದುಗರೊಬ್ಬರು ತಪ್ಪು ತೋರಿಸಿದರು. ದೀಪ ಉರಿಯುತ್ತಿದ್ದರೂ ಕೆಳಗೆ ವಿಷಗಾಳಿ ಇರಬಹುದು, ಗಾಳಿ ಅಳೆಯುವ ಉಪಕರಣವಿಲ್ಲದೆ ಇಳಿಯಬಾರದು. ಮೇಷ್ಟ್ರು ತಿದ್ದಿದರು. ಮೈದುನ ಎತ್ತಿಕೊಂಡದ್ದು ತಿದ್ದುವ ಮೊದಲಿನದು.

ಬಡಗಿ ಲಾಟೀನು ಇಳಿಬಿಟ್ಟರು. ಅದು ಉರಿಯಿತು.

"ನೋಡೇ, ದೀಪಕ್ಕೇ ಭಯ ಇಲ್ಲ, ನಿಂಗ್ಯಾಕೆ?" ಎಂದು ಹೆಂಡತಿಯನ್ನು ರೇಗಿಸಿ, ಸೊಂಟಕ್ಕೆ ಹಗ್ಗ ಬಿಗಿದುಕೊಂಡು ಇಳಿದರು. ಕೆಸರು ಕೆದಕಿದಾಗ ಅಡಿಯ ವಿಷಗಾಳಿ ಎದ್ದು ಅವರ ಮಾತು ನಿಂತಿತು. ಹಗ್ಗ ಇದ್ದುದರಿಂದ ಹೆಂಡತಿ, ಅಕ್ಕಪಕ್ಕದವರು ಸೇರಿ ಅವರನ್ನು ಮೇಲಕ್ಕೆ ಎಳೆದುಕೊಂಡರು. ಜೀವ ಉಳಿಯಿತು. ಕೈ ಈಗಲೂ ನಡುಗುತ್ತದೆ, ಉಳಿ ಹಿಡಿಯಲಾರರು.

ಅಂದು ಆಸ್ಪತ್ರೆಯ ಬೆಂಚಿನ ಮೇಲೆ ಬಡಗಿಯ ಹೆಂಡತಿ ಮೈದುನನನ್ನು ಕೇಳಿದರು. "ನೀನೇ ಬರೆದಿದ್ದಲ್ವೇನಪ್ಪ? ನಿನ್ನ ಫೋಟೊ ನೋಡೇ ಇವರು ನಂಬಿದ್ದು."

"ನಾನು ಬರೆದಿದ್ದಲ್ಲ ಅಕ್ಕ."

"ಹಾಗಾದ್ರೆ ಯಾರನ್ನ ಕೇಳ್ಲಿ?"

ಅತ್ತಿಗೆ ಮೊಬೈಲಿನಲ್ಲಿ ಮೂಲ ಪುಟ ತೆರೆದು ಮೈದುನನ ಕೈಗಿಟ್ಟರು. ತಿದ್ದುಪಡಿ ಅಲ್ಲಿತ್ತು.

"ಕೊಂಡಿ ಇದ್ದಿದ್ರೆ ಇವ್ರು ಒತ್ತಿ ನೋಡ್ತಿದ್ರಾ?" ಎಂದ.

"ನೋಡ್ತಿದ್ರೋ ಇಲ್ವೋ. ನೋಡೋಕೆ ದಾರಿ ಆದ್ರೂ ಇರ್ತಿತ್ತು."

ಮೈದುನ ಅಲ್ಲೇ ಕುಳಿತು ಪುಟ ಸರಿಪಡಿಸಿದ. ತನ್ನ ಫೋಟೊ ತೆಗೆದ. ಮೂಲದ ಕೊಂಡಿ ಹಾಕಿದ, ಅಣ್ಣನ ಹೆಸರು ಹಾಕಿದ.

"ಉಳಿದ ಪುಟಗಳು?" ಅತ್ತಿಗೆ ಕೇಳಿದರು.

"ಅವೂ ಅಲ್ಲಿಂದ ತಂದವೇ. ಎಲ್ಲಕ್ಕೂ ಹಾಕ್ತೀನಿ."

ಓದುತ್ತಿರುವವರೇ, ಮುಕ್ತ ವಿಶ್ವಕೋಶದಿಂದ ಧಾರಾಳವಾಗಿ ತೆಗೆದುಕೊಳ್ಳಿ. ಅದು ಇರುವುದೇ ಅದಕ್ಕೆ. ಆದರೆ ಮೂಲ ಪುಟದ ಕೊಂಡಿ ಕೊಡಿ, ಬರೆದವರು ಯಾರೆಂದು ಹೇಳಿ, ಏನಾದರೂ ಬದಲಿಸಿದ್ದರೆ ತಿಳಿಸಿ, ಬೇರೆಯವರೂ ಹೀಗೇ ಬಳಸಲು ಬಿಡುವ ಅದೇ ಪರವಾನಗಿಯಲ್ಲಿ ಹಂಚಿ. ಮೂಲ ಹೇಳದ ಪುಟವನ್ನು ನಂಬಿ ಬಾವಿಗೆ ಇಳಿಯಬೇಡಿ, ಮಾತ್ರೆ ನುಂಗಬೇಡಿ. ಅಂಥ ವೆಬ್‌ಸೈಟು ನಡೆಸುವವರು ನಿಮ್ಮ ಮನೆಯಲ್ಲೇ ಇದ್ದರೆ ಇವತ್ತೇ ಕೇಳಿ. ಒಮ್ಮೆ ಕೇಳಿ ಸುಮ್ಮನಾಗಬೇಡಿ.